ಗೌರವ್ವನ ಕಾರ್ಯ

ಲಗ್ನದ ಹಂಗಾಮು ಬಂತೆಂದರೆ ಗೌರವ್ವನ ಕಂಕುಳಲ್ಲಿ ಒಂದು ಹೊಸ ಕೊಡ ಬಂತೆಂದೇ ಲೆಕ್ಕ. ಸ್ಟೀಲಿನ ಕೊಡ, ಅಂಗಡಿಯವರು ಅಂಟಿಸಿದ ಚೀಟಿ ಕೂಡ ಕಿತ್ತಿರುತ್ತಿರಲಿಲ್ಲ. ಅದರ ಬಾಯಿಗೆ ಒಂದು ಕುಬಸದ ಖಣ, ಒಂದು ಟಾವೆಲ್ಲು ತುರುಕಿಕೊಂಡು ಇಂಡಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದಳು. ಇವತ್ತು ಸಿಂದಗಿ ಬಸ್ಸು, ನಾಳೆ ಬಾಗೇವಾಡಿ ಬಸ್ಸು, ನಾಡಿದ್ದು ಹೊರ್ತಿಗೆ ಹೋಗುವ ಟೆಂಪೊ. ಕಂಡಕ್ಟರುಗಳಿಗೆಲ್ಲ ಅವಳ ಗುರುತು. "ಯವ್ವಾ, ಇವತ್ತ ಯಾರ ಲಗ್ನ?" ಅಂದರೆ, "ಯಾರದರೆ ಇರಲಿ, ನೀ ಟಿಕೀಟ ಕೊಡೊ ತಮ್ಮಾ. ಮತ್ತ ಕೊಡಕ್ಕೂ ಒಂದ ಅರ್ಧಾ ಹರಿದೀ!" ಅನ್ನುತ್ತಿದ್ದಳು. ಬಸ್ಸಿನವರೆಲ್ಲ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಕೊಡಗಳ ಹಿಂದಿನ ಸಂಗತಿ ನನಗೆ ಗೊತ್ತಿತ್ತು.

ಗೌರವ್ವ ನನ್ನ ಮನೆಯೊಡತಿ. ನಾನು ಮುದ್ದೇಬಿಹಾಳ ಕಡೆಯವಳು. ತೊಂಬತ್ತರ ದಶಕದ ಮೊದಲಿಗೆ ಶಿಕ್ಷಕಿಯಾಗಿ ಇಂಡಿಗೆ ಬಂದಾಗ ನಾನೂ ನನ್ನ ಯಜಮಾನರೂ ಅವಳ ಮನೆಯ ಮುಂದಿನ ಎರಡು ಖೋಲಿಗಳನ್ನು ಬಾಡಿಗೆಗೆ ಹಿಡಿದೆವು. ಹಿಂದಿನ ಅರ್ಧದಲ್ಲಿ ಅವಳೊಬ್ಬಳೇ. ಅಗರಖೇಡದ ಮಗಳು, ಇಂಡಿಯ ಸೊಸೆ. ಸಣ್ಣ ಪ್ರಾಯದಲ್ಲೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರ ಹೊರಗೆ ಒಂದು ನಿಂಬೆ ತೋಟವನ್ನು ಅವಳ ಹೆಸರಿಗೆ ಬಿಟ್ಟುಹೋಗಿದ್ದ. ಕುಳ್ಳಗಿನ ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ, ದವಡೆಯಲ್ಲಿ ಎಲೆ ಅಡಿಕೆ. ಸಂಜೆ ತೋಟದಿಂದ ಉಡಿಯಲ್ಲಿ ನಿಂಬೆಹಣ್ಣು ತುಂಬಿಕೊಂಡು ಬಂದು, ಓಣಿಯಲ್ಲಿ ಯಾರಿಗೆ ಜ್ವರವಿದೆಯೋ, ಯಾರಿಗೆ ಪಿತ್ತವೋ, ಅವರ ಮನೆಗೆ ಹಣ್ಣು ಕೊಟ್ಟು, ಜೊತೆಗೆ ನಾಲ್ಕು ಬೈಗುಳವನ್ನೂ ಕೊಟ್ಟು ಬರುತ್ತಿದ್ದಳು. "ನೀರಾಗ ಹಿಂಡಿ ಕುಡೀರಿ ಅಂತ ಕೊಟ್ರ ಉಪ್ಪಿನಕಾಯಿ ಹಾಕಿ ಕುಂತೀರಿ. ನಿಮ್ಮ ಜಡ್ಡ ಹ್ಯಾಂಗ ಹೊಕ್ಕೈತಿ?" ಕೊಟ್ಟದ್ದನ್ನು ಅವಳು ಮರೆಯುತ್ತಿದ್ದಳು, ಬೈದದ್ದನ್ನು ಓಣಿ ಮರೆಯುತ್ತಿರಲಿಲ್ಲ.

ದವಾಖಾನೆ ನಮ್ಮ ಮನೆಗೆ ಹತ್ತಿರ. ಹಳ್ಳಿಗಳಿಂದ ದಿನ ತುಂಬಿದ ಬಸುರಿಯರು ತಾಯಿಯನ್ನೋ ಅತ್ತೆಯನ್ನೋ ಕರೆದುಕೊಂಡು ಬರುತ್ತಿದ್ದರು. ಹೆರಿಗೆಗೆ ಇನ್ನೂ ಹೊತ್ತಿದೆ ಎಂದರೆ ಊರಿಗೆ ತಿರುಗಿ ಹೋಗಲು ಬಸ್ಸಿಲ್ಲ, ಉಳಿಯಲು ನೆಂಟರಿಲ್ಲ. ದವಾಖಾನೆಗೂ ನಮ್ಮ ಮನೆಗೂ ನಡುವಿನ ಬೇವಿನ ಗಿಡದ ಕೆಳಗೆ ಗಂಟು ಮೂಟೆ ಇಟ್ಟುಕೊಂಡು ಕೂರುತ್ತಿದ್ದರು. ಗೌರವ್ವ ಅವರಿಗೆ ಬಿಸಿನೀರು, ಗಂಜಿ ಒಯ್ದು ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಅಗರಖೇಡದ ಹುಡುಗಿಯೊಬ್ಬಳಿಗೆ ಗಿಡದ ಕೆಳಗೇ ಬೇನೆ ಹತ್ತಿತು. ದವಾಖಾನೆಯ ಬಾಗಿಲಿಗಿಂತ ನಮ್ಮ ಕಟ್ಟೆಯೇ ಹತ್ತಿರವಾಯಿತು. ನರ್ಸಮ್ಮ ಓಡಿ ಬರುವಷ್ಟರಲ್ಲಿ ಗೌರವ್ವನ ಪಡಸಾಲೆಯಲ್ಲಿ ಹೆರಿಗೆಯಾಗಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅದನ್ನು ಗೌರವ್ವ ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಕೊಟ್ಟಳು. ಮರುದಿನ ನನ್ನ ಬಾಗಿಲಿಗೆ ಬಂದು ನಿಂತು, "ಅಕ್ಕಾರ, ದವಾಖಾನಿ ಬಾಜೂಕ ಒಂದ ಖೋಲಿ ಕಟ್ಟಸೂಣ್ರಿ. ಬಸುರ ಹೆಣಮಕ್ಕಳು ನಾಕ ದಿನ ಇರಾಕ," ಅಂದಳು.

ಖೋಲಿ ಕಟ್ಟಲು ಕಮಿಟಿಯಾಯಿತು. ನಮ್ಮಲ್ಲಿ ಕಮಿಟಿಯಾಗಲು ಎಷ್ಟು ಹೊತ್ತು ಬೇಕು? ಕಾಳುಕಡಿಯ ದಲಾಲಿ ಮಾಡುವ ಅಡತಿ ಅಂಗಡಿಯ ಸಾವ್ಕಾರರು ಅಧ್ಯಕ್ಷರಾದರು. ಅವರ ಹೆಸರು ಶಿವಶರಣಪ್ಪ. ಊರು ಸಾವ್ಕಾರ ಎಂದೇ ಕರೆಯುತ್ತಿತ್ತು. ಸುತ್ತಲ ತಾಲ್ಲೂಕುಗಳ ಪೇಟೆಯಲ್ಲೆಲ್ಲ ಅವರಿಗೆ ಬಳಕೆಯಿತ್ತು. ಮೊದಲಿಗೆ ಒಂದು ಸಹಾಯಾರ್ಥ ರಸಮಂಜರಿ ಕಾರ್ಯಕ್ರಮ ಇಟ್ಟರು. ಟಿಕೀಟು ಅಚ್ಚಾದವು. ಟಿಕೀಟು ಕೊಂಡವರಿಗಿಂತ ಪಾಸು ಕೇಳಿದವರೇ ಹೆಚ್ಚು. "ನಾವು ಊರವರು, ನಮಗ ಟಿಕೀಟೇನ್ರಿ?" ಎಂದು ಊರೇ ಕೇಳಿತು. ಮೊದಲ ಸಾಲಿನ ಕುರ್ಚಿಗಳಲ್ಲಿ ಪಾಸಿನವರು ಕುಳಿತರು, ಅವರಲ್ಲಿ ಅರ್ಧ ಮಂದಿಗೆ ವೇದಿಕೆಯ ಮೇಲೆ ಕರೆದು ಶಾಲು ಹೊದಿಸಿ ಸತ್ಕಾರ ಮಾಡಲಾಯಿತು. ಬಂದದ್ದು ಶಾಲಿಗೂ ಹಾರಕ್ಕೂ ಹಾಡುವವರಿಗೂ ಸರಿಹೋಯಿತು. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಹಾಗೆ.

ಗೌರವ್ವ ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ನೋಡಿದ್ದಳು. ಕಮಿಟಿ ಮತ್ತೆ ಸೇರಿದಾಗ ಬಾಗಿಲ ಬಳಿ ನಿಂತೇ ಹೇಳಿದಳು: "ಸಾವ್ಕಾರ್ರ, ಮಂದಿ ಸಭಾಕ್ಕ ಬರೀಗೈಲೆ ಬರ್ತಾರ, ಹಾರ ಹಾಕಿಸಿಕೊಂಡು ಹೊಕ್ಕಾರ. ಕಾರ್ಯಕ್ಕ ಬರೀಗೈಲೆ ಬರೂದಿಲ್ಲ. ಕೈ ಚಾಚಿದ್ರ ಒಬ್ಬರೂ ಕೊಡೂದಿಲ್ಲ, ಎಲಿ ಹಾಕಿದ್ರ ಎಲ್ಲಾರೂ ಕೊಡ್ತಾರ. ನಾವು ಕಾರ್ಯಾನ ಮಾಡೂಣು. ಖೋಲಿ ಬಸುರ ಹೆಣಮಕ್ಕಳದು, ಅಂದಮ್ಯಾಲ ಕುಬಸಾನ ಮಾಡೂಣು."

ಬಸುರಿಗೆ ಹೊಸ ಕುಬಸ ತೊಡಿಸಿ, ಉಡಿ ತುಂಬಿ, ಬಂಧುಬಳಗಕ್ಕೆ ಊಟ ಹಾಕುವ ಕಾರ್ಯ ಅದು. ಬಂದವರು ಪಾತ್ರೆಯನ್ನೋ ಬಟ್ಟೆಯನ್ನೋ ರೊಕ್ಕವನ್ನೋ ಆಯೇರಿ ಮಾಡಿ ಹೋಗುತ್ತಾರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಬಡ ಬಸುರಿಯರನ್ನು ಕರೆದು ಊರೇ ಕುಬಸ ಮಾಡಿದರೆ, ಬಂದ ಆಯೇರಿಯಲ್ಲಿ ಖೋಲಿ ಏಳುತ್ತದೆ. ಇಷ್ಟು ಸರಳವಾದದ್ದು ಓದಿದ ನಮಗೆ ಹೊಳೆದಿರಲಿಲ್ಲವೆಂದು ಸಾವ್ಕಾರರು ಬಾಯಿ ತುಂಬ ಹೊಗಳಿದರು. ಆಮಂತ್ರಣ ಯಾರ ಹೆಸರಿನಲ್ಲಿ ಎಂಬ ಮಾತು ಬಂದಾಗ ಮಾತ್ರ ಹಿಂದೆ ಸರಿದರು. "ಕುಬಸಕ್ಕ ಗಂಡಸರು ಕರೀತಾರೇನ್ರಿ? ಗೌರವ್ವನ ಹೆಸರ ಇರಲಿ," ಅಂದರು. ಗೌರವ್ವ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಬ್ಯಾಡ ಅನ್ನಲಿಲ್ಲ.

ಅವಳ ಜೊತೆ ನಾನು ಮನೆಮನೆಗೆ ತಿರುಗಿದೆ. ವಿಧವೆಯ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳುವವರಿಲ್ಲ. ಆದ್ದರಿಂದ ಭರಣಿ ನನ್ನ ಕೈಯಲ್ಲಿ, ಮಾತು ಅವಳ ಬಾಯಲ್ಲಿ. ನಾನು ಕುಂಕುಮ ಕೊಡುವವರೆಗೆ ಅವಳು ಹೊಸ್ತಿಲ ಆಚೆ ನಿಂತಿರುವಳು, ಆಮೇಲೆ, "ನಮ್ಮ ಮನ್ಯಾಗ ಕುಬಸ ಐತ್ರಿ, ತಪ್ಪದ ಬರ್ರಿ," ಅನ್ನುವಳು. ನಮ್ಮ ಮನ್ಯಾಗ ಅನ್ನುವಾಗ ಅವಳ ದನಿ ಬೇರೆಯಾಗುತ್ತಿತ್ತು. ಆಗ ಅದು ನನಗೆ ಬರೀ ಚೆಂದ ಅನ್ನಿಸಿತು.

ಕಾರ್ಯ ಜೋರಾಯಿತು. ಶಾಲೆಯ ಬಯಲಿನಲ್ಲಿ ಪೆಂಡಾಲು. ಐದು ಮಂದಿ ಬಸುರಿಯರು ಹಸಿರು ಬಳೆ ತೊಟ್ಟು ಮಣೆಯ ಮೇಲೆ. ಉಣ್ಣಲು ಬಂದವರಲ್ಲಿ ಸಾವ್ಕಾರರ ಬಳಕೆಯ ಸಿಂದಗಿಯವರು, ಬಾಗೇವಾಡಿಯವರು, ಮುದ್ದೇಬಿಹಾಳದಿಂದ ನನ್ನ ಕಡೆಯವರು. ಉಡಿ ತುಂಬಿದ್ದು ನಾವು ಮುತ್ತೈದೆಯರು. ಗೌರವ್ವ ಹಿಂದಿನ ತಟ್ಟಿಯ ಮರೆಯಲ್ಲಿ ಹುಗ್ಗಿಯ ಒಲೆಯ ಮುಂದಿದ್ದಳು. ಮೈಕಿನವನು ಪ್ರತಿ ಮದುವೆಯಲ್ಲಿ ಕೂಗಿ ಕೂಗಿ ರೂಢಿಯಾದ ಧಾಟಿಯಲ್ಲಿ ಕೂಗತೊಡಗಿದ: "ಗೌರವ್ವನವರ ಮನಿ ಕಾರ್ಯಕ್ಕ ಸಿಂದಗಿ ಕಾಳಿನ ವ್ಯಾಪಾರಸ್ಥರಿಂದ ಒಂದು ಕೊಡಾ, ಒಂದುನೂರಾ ಒಂದು ರೂಪಾಯಿ ಆಯೇರಿ!" ಧರ್ಮದ ಖೋಲಿಗೆ ಎಂದು ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ನಾನು ಒಳಗೆ ಹೋದಾಗ ಗೌರವ್ವ ಸೌಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ತನ್ನ ಹೆಸರು ಮತ್ತೆ ಬರುತ್ತದೋ ಎಂದು ಕೇಳುತ್ತಿದ್ದಳು. ಹೊಗೆಗೆ ಕಣ್ಣು ಉರಿಯಾಕತ್ಯಾವು ಅಂದಳು.

ಪಾತ್ರೆಗಳನ್ನು ಪೇಟೆಯಲ್ಲಿ ಮಾರಿ, ರೊಕ್ಕ ಸೇರಿಸಿ, ಖೋಲಿ ಎದ್ದಿತು. ತಗಡಿನ ಮಾಡು, ಎರಡು ಕಿಟಕಿ, ಒಂದು ನೀರೊಲೆ. ಗೋಡೆಗೆ ಕೂಡಿಸಿದ ಕಲ್ಲಿನಲ್ಲಿ ಉದ್ಘಾಟನೆ ಮಾಡಿದ ಪುಢಾರಿಯ ಹೆಸರು, ಅಧ್ಯಕ್ಷರಾದ ಸಾವ್ಕಾರರ ಹೆಸರು ಬಂತು. ಗೌರವ್ವನ ಹೆಸರು ಕಲ್ಲಿನಲ್ಲಿ ಹಿಡಿಸಲಿಲ್ಲವಂತೆ. ನಾನು ಜಗಳಕ್ಕೆ ನಿಂತೆ. "ಬಿಡ್ರಿ ಅಕ್ಕಾರ, ಕಲ್ಲ ಓದಾಕ ಯಾರ ಬರ್ತಾರ? ಬೇನಿ ತಿನ್ನಾಕ ಬರ್ತಾರ," ಅಂದಳು. ಆ ವರ್ಷ ಖೋಲಿ ಒಂದು ದಿನವೂ ಖಾಲಿ ಇರಲಿಲ್ಲ. ಬೇವಿನ ಗಿಡದ ಕೆಳಗೆ ಮತ್ತೆ ಬಸುರಿಯರು ಕೂರಲಿಲ್ಲ.

ಮುಂದಿನ ಲಗ್ನದ ಹಂಗಾಮಿಗೆ ಗೌರವ್ವನಿಗೆ ಮೊದಲ ಲಗ್ನಪತ್ರಿಕೆ ಬಂತು. ಸಿಂದಗಿಯ ಆ ಕಾಳಿನ ವ್ಯಾಪಾರಿಯ ಮಗಳ ಲಗ್ನ. ತಂದವನು ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಹೋಗುವಾಗ ಹೇಳಿದ: "ನಿಮ್ಮ ಕಾರ್ಯಕ್ಕ ಅವ್ರು ಬಂದಿದ್ರು. ನೀವೂ ಬರಬೇಕಂತ್ರಿ."

ಇದು ಬರೀ ಕರೆಯಲ್ಲ. ನಮ್ಮ ಕಡೆ ಆಯೇರಿ ಎಂದರೆ ದಾನವಲ್ಲ. ನನ್ನ ಮನೆಯ ಕಾರ್ಯಕ್ಕೆ ನೀವು ಕೊಟ್ಟದ್ದನ್ನು ನಿಮ್ಮ ಮನೆಯ ಕಾರ್ಯಕ್ಕೆ ನಾನು ತಿರುಗಿಸಬೇಕು, ಮೇಲೆ ಸ್ವಲ್ಪ ಕೂಡಿಸಿ. ಆ ಕೂಡಿಸಿದ್ದು ಮತ್ತೆ ನಿಮ್ಮ ಮೇಲೆ ಬಾಕಿ. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಯಾರು ಯಾರಿಗೆ ಏನು ಕೊಟ್ಟರು ಎಂಬುದು ಹೆಂಗಸರ ತಲೆಯಲ್ಲಿ ಇರುತ್ತದೆ, ಮುಯ್ಯಿ ತಪ್ಪಿದ ಮನೆಗೆ ನೆಂಟಸ್ತಿಕೆ ತಪ್ಪುತ್ತದೆ. ನಾವು ಧರ್ಮಕ್ಕೆ ಬೇಡಲು ಮನೆಯ ಕಾರ್ಯದ ವೇಷ ಹಾಕಿದ್ದೆವು. ಊರು ವೇಷವನ್ನೇ ನಂಬಿತು, ಅಥವಾ ನಂಬಿದಂತೆ ಮಾಡಿತು. ಕೊಟ್ಟದ್ದು ತಿರುಗಿ ಬರುತ್ತದೆಂದೇ ಅಷ್ಟು ಧಾರಾಳವಾಗಿ ಕೊಟ್ಟಿದ್ದರು.

ನಾನು ನೇರ ಸಾವ್ಕಾರರ ಅಂಗಡಿಗೆ ಹೋದೆ. "ಅದು ದವಾಖಾನಿ ಖೋಲಿಗೆ ಕೊಟ್ಟದ್ದಂತ ನೀವರೆ ಎಲ್ಲಾರಿಗೂ ಹೇಳ್ರಿ," ಅಂದೆ. "ಹೇಳೂಣ್ರಿ, ಹೇಳೂಣ್ರಿ," ಅಂದರು. ಹದಿನೈದು ದಿನ ಕಳೆಯಲಿಲ್ಲ, ಅವರದೇ ಮಗನ ಲಗ್ನಪತ್ರಿಕೆ ಗೌರವ್ವನ ಮನೆಗೆ ಬಂತು. ಕುಬಸದಲ್ಲಿ ಎಲ್ಲರಿಗಿಂತ ದೊಡ್ಡ ಆಯೇರಿ ಅವರದೇ ಆಗಿತ್ತು, ಮೈಕಿನವನು ಎರಡು ಸಲ ಕೂಗಿದ್ದ. ಮತ್ತೆ ಹೋಗಿ ಕೇಳಿದೆ. ತಕ್ಕಡಿಯ ಮೇಲಿಂದ ಕಣ್ಣು ತೆಗೆಯದೆ, "ಕಾರ್ಯ ಅಕಿದು, ಕರದಾಕಿ ಅಕಿ. ನಾವು ನಡುವ ಹೆಂಗ ಬರೂದ್ರಿ?" ಅಂದರು. ಉಡಿ ತುಂಬಲು ಬೇಡವಾದ ಗೌರವ್ವ ಮುಯ್ಯಿ ತೀರಿಸಲು ಎಲ್ಲರಿಗೂ ಬೇಕಾದಳು.

ಮನೆಗೆ ಬಂದು ಗೌರವ್ವನ ಮೇಲೆಯೇ ಹರಿಹಾಯ್ದೆ. ಒಂದು ಲಗ್ನಕ್ಕೂ ಹೋಗಬೇಡ, ಒಂದು ಖಣವನ್ನೂ ಒಯ್ಯಬೇಡ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟಳು.

"ಅಕ್ಕಾರ, ನನಗ ಹೊಟ್ಟಿಲೆ ಒಂದೂ ಹುಟ್ಟಲಿಲ್ಲ. ನನ್ನ ಮನ್ಯಾಗ ಕುಬಸಾ ಆಗಲಿಲ್ಲ, ತೊಟ್ಟಲಾ ಕಟ್ಟಲಿಲ್ಲ, ಲಗ್ನದ ಹಂದರ ಹಾಕಲಿಲ್ಲ. ಗಂಡ ಸತ್ತಿಂದ ಒಬ್ಬರೂ ನನ್ನ ಮನಿಗಂತ ಆಯೇರಿ ತಂದಿರಲಿಲ್ರಿ. ಅವತ್ತ ಮೈಕಿನ್ಯಾಗ ಗೌರವ್ವನ ಮನಿ ಕಾರ್ಯ ಅಂದ್ರು. ನಾಕೂರ ಮಂದಿ ಕೇಳ್ಯಾರ. ಈಗ ಅದು ನನ್ನ ಕಾರ್ಯ ಅಲ್ಲ ಅಂತ ನನ್ನ ಬಾಯಿಲೆ ನಾನು ಅನ್ನಲೇನ್ರಿ?"

ಅವಳು ಕೇಳಿದ್ದು ಖೋಲಿಯನ್ನಲ್ಲ, ಮನೆಯನ್ನು. ಊರಲ್ಲಿ ತನ್ನದೂ ಒಂದು ಮನೆ, ಕೊಡುವ ಕೊಳ್ಳುವ ಮನೆ ಎಂದು ಅನ್ನಿಸಿಕೊಳ್ಳಬೇಕಿತ್ತು ಅವಳಿಗೆ. ಅದಕ್ಕೆ ಊರು ಹಾಕಿದ ಬೆಲೆ ಎಷ್ಟೆಂದು ಮುಂದೆ ಕಂಡೆ.

ಅಲ್ಲಿಂದ ಸುರುವಾಯಿತು ಕೊಡಗಳ ತಿರುಗಾಟ. ಕೊಡ ಕೊಟ್ಟವರಿಗೆ ಕೊಡ, ಅದರ ಮೇಲೆ ಖಣ. ರೊಕ್ಕ ಕೊಟ್ಟವರಿಗೆ ರೊಕ್ಕ, ಅದರ ಮೇಲೆ ಟಾವೆಲ್ಲು. ಬಾಗೇವಾಡಿಯ ಒಂದು ಲಗ್ನಕ್ಕೆ ನಾನೂ ಜೊತೆಗೆ ಹೋಗಿದ್ದೆ. ಅಕ್ಷತೆಯ ಹೊತ್ತಿಗೆ ಅವಳನ್ನು ಹಿಂದಿನ ಕಂಬದ ಮರೆಗೆ ಕೂರಿಸಿದರು. ಆಯೇರಿಯ ಹೊತ್ತಿಗೆ ಮಾತ್ರ ಕರೆಯಲು ಆಳು ಬಂತು. ಮದುಮಗನ ತಾಯಿ ಕೊಡ ತೆಗೆದುಕೊಂಡು, ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿದು, ಪಕ್ಕದವಳಿಗೆ, "ಹಗರ ಐತಿ ನೋಡ. ನಾವು ಕೊಟ್ಟದ್ದು ದಪ್ಪ ಇತ್ತು," ಅಂದಳು. ನಾನು ಬಾಯಿ ತೆರೆಯುವ ಮೊದಲೇ ಗೌರವ್ವ ನನ್ನ ಕೈ ಅದುಮಿದಳು. "ಮುಂದಿನ ಸಲಾ ದಪ್ಪ ತರ್ತೇನಿ ತಂಗಿ, ನಿನ್ನ ಎರಡನೇ ಮಗಂದು ಐತೆಲ್ಲ," ಎಂದು ನಕ್ಕಳು. ಊಟಕ್ಕೆ ಕುಳಿತಾಗ ಅವಳು ಒಂದೇ ಹೋಳಿಗೆ ಬಡಿಸಿಕೊಂಡು ಅದನ್ನೂ ಬಿಟ್ಟೆದ್ದಳು.

ನಿಂಬೆ ತೋಟ ಮೊದಲು ಅರ್ಧ ಹೋಯಿತು. ಬೇಸಿಗೆಯ ನಿಂಬೆಗೆ ಒಳ್ಳೆಯ ಧಾರಣೆ, ಇನ್ನೊಂದು ವರ್ಷ ತಡೆದುಕೋ ಎಂದು ನನ್ನ ಯಜಮಾನರು ಹೇಳಿದರು. "ಲಗ್ನ ತಡಕೊಳ್ಳೂದಿಲ್ರಿ," ಅಂದಳು. ಆಮೇಲೆ ಉಳಿದರ್ಧವನ್ನೂ ಕೊಟ್ಟಳು. ಕೊಂಡವರು ಸಾವ್ಕಾರರೇ. ಕೊನೆಗೆ ಮನೆಯನ್ನು ಮೈದುನನ ಮಗ ಮಲ್ಲಣ್ಣನ ಹೆಸರಿಗೆ ಬರೆದು, ಹಿಂದಿನ ಒಂದು ಖೋಲಿಯಲ್ಲಿ ಇರತೊಡಗಿದಳು. ಅಷ್ಟಾದರೂ ಲಗ್ನ ತಪ್ಪಿಸಲಿಲ್ಲ. ಊರ ಮಂದಿ, "ಗೌರವ್ವ ಬಾಳ ದೊಡ್ಡ ಮನಸಿನಾಕಿ," ಅನ್ನುತ್ತಿದ್ದರು. ಬೇರೆಯವರ ರೊಕ್ಕದಲ್ಲಿ ಇಂಥ ಮಾತು ಬಾಯಿಗೆ ಬಾಳ ರುಚಿ.

ಅಷ್ಟರಲ್ಲಿ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಮಳೆಗಾಲದಲ್ಲಿ ಅವಳನ್ನು ನೋಡಲು ಹೋದೆ. ಬಡಕಲಾಗಿದ್ದಳು, ಕೆಮ್ಮು ಹಿಡಿದಿತ್ತು. ನನ್ನನ್ನು ಕಂಡವಳೇ ತನ್ನ ಕೆಮ್ಮಿನ ಮಾತು ಬಿಟ್ಟು ಖೋಲಿಯ ಮಾತು ತೆಗೆದಳು. ತಗಡು ತೂತುಬಿದ್ದು ಸೋರುತ್ತಿದೆ, ಬಸುರಿಯರು ಮತ್ತೆ ಗಿಡದ ಕೆಳಗೆ ಬಂದಿದ್ದಾರೆ, ಕಮಿಟಿಯವರನ್ನು ಕೇಳಿದರೆ ಕಮಿಟಿ ಇಲ್ಲ ಅನ್ನುತ್ತಾರೆ.

"ಅದಕ್ಕ ನಾ ಎಲ್ಲಾ ವಿಚಾರ ಮಾಡೇನ್ರಿ," ಅಂದಳು. ಕಣ್ಣಿನಲ್ಲಿ ಹಳೆಯ ಹುರುಪು ಬಂತು. "ನಾ ಸತ್ತ ಮ್ಯಾಲ ದಿವಸ ಮಾಡ್ತಾರಲ್ರಿ. ಅದೂ ನನ್ನ ಮನಿ ಕಾರ್ಯಾನ. ನಾ ಒಯ್ದದ್ದು ಎಲ್ಲಾರ ಮನ್ಯಾಗೂ ಕುಂತೈತಿ. ಅವತ್ತ ತರಬೇಕಾಗ್ತೈತಿ, ತರದ ಬಿಡೂದಿಲ್ಲ. ಆ ರೊಕ್ಕದಾಗ ತಗಡ ತಗಿಸಿ ಸ್ಲ್ಯಾಬ ಹಾಕಸ್ರಿ. ಹುಗ್ಗೀನ ಮಾಡಸ್ರಿ, ಗೋದಿ ಚೊಲೊ ಇರಲಿ. ಮೈಕ್ ಮರೀಬ್ಯಾಡ್ರಿ. ಹೆಸರ ಕೂಗಿದ್ರ ಮಂದಿ ಕೈ ಬಿಚ್ಚತಾರ."

ತನ್ನ ಸಾವನ್ನೂ ಅವಳು ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡಿ ಇಟ್ಟಿದ್ದಳು. ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಆಗಲಿ ಎಂದೆ. ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದು, "ಅಡಗಿ ಕಡಿಮಿ ಬೀಳಬಾರದು ನೋಡ್ರಿ," ಅಂದಳು. ಅದೇ ಕೊನೆಯ ಭೇಟಿ.

ಚಳಿಗಾಲಕ್ಕೆ ತೀರಿಕೊಂಡಳು. ಮಲ್ಲಣ್ಣ ಒಳ್ಳೆಯವನು, ಅವಳು ಹೇಳಿದಂತೆಯೇ ದಿವಸ ಮಾಡಿದ. ಮನೆಯ ಮುಂದೆ ಪೆಂಡಾಲು, ಗೋದಿ ಹುಗ್ಗಿ, ಮೈಕು. ಬಾಗಿಲಲ್ಲಿ ಆಯೇರಿ ಹಾಕಲು ಒಂದು ಅಗಲದ ಹಿತ್ತಾಳೆ ಪರಾತ ಇಟ್ಟುಕೊಂಡು ನಾನೇ ಕುಳಿತೆ. ಮಂದಿ ಬಂದರು. ಸಿಂದಗಿಯವರು ಬಂದರು, ಬಾಗೇವಾಡಿಯ ಆ ಹೆಂಗಸು ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದಳು, ಸಾವ್ಕಾರರು ಬಂದರು. ಫೋಟೋಕ್ಕೆ ಹೂ ಹಾಕಿ ಕೈ ಮುಗಿದರು. ಪಂಕ್ತಿಯ ಮೇಲೆ ಪಂಕ್ತಿ ಉಂಡು ಎದ್ದಿತು. ಪರಾತದಲ್ಲಿ ನಾನು ಹಾಕಿದ್ದು ಬಿಟ್ಟರೆ ಇನ್ನೇನೂ ಬೀಳಲಿಲ್ಲ.

ನಾನು ಎದ್ದು ಮೈಕು ತೆಗೆದುಕೊಂಡೆ. ಗೌರವ್ವ ಬಸುರಿಯರ ಖೋಲಿಯ ಮಾಡಿಗಾಗಿ ಹೇಳಿ ಹೋದ ಮಾತು ಹೇಳಿದೆ. ಯಾರೂ ಕದಲಲಿಲ್ಲ. ಆಗ ಅವಳು ಯಾರ ಯಾರ ಲಗ್ನಕ್ಕೆ ಏನೇನು ಒಯ್ದಿದ್ದಳೋ ನನಗೆ ನೆನಪಿದ್ದಷ್ಟನ್ನು ಹೆಸರು ಹಿಡಿದು ಕೂಗಿದೆ. ಮುಂದಿನ ಸಾಲಿನವರು ಎಲೆ ಮಡಚಿದರು. ಕೆಲವರು ಎದ್ದರು. ಸಾವ್ಕಾರರು ಕೈ ತೊಳೆದುಕೊಂಡು, ಟಾವೆಲ್ಲಿನಿಂದ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ಸಿಟ್ಟೇನೂ ಇರಲಿಲ್ಲ ಅವರಿಗೆ, ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು.

"ಅಕ್ಕಾರ, ಮೈಕ್ ಬಂದ್ ಮಾಡ್ರಿ. ಓದಿದವರು ನೀವು. ಮುಯ್ಯಿ ಮನಿಗೆ ಕೊಡೂದ್ರಿ. ಈ ಮನಿ ಈಗ ಮಲ್ಲಣ್ಣಂದು. ಗೌರವ್ವನ ಮನ್ಯಾಗ ಈಗ ಯಾರದಾರ?"

"ಖೋಲಿ ಐತಲ್ರಿ," ಅಂದೆ.

"ಅದು ಯಾರ ಮನೀನೂ ಅಲ್ಲಲ್ರಿ," ಅಂದರು. ಮಲ್ಲಣ್ಣನ ಕಡೆ ತಿರುಗಿ ಹುಗ್ಗಿ ಚೊಲೊ ಆಗಿತ್ತೆಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡರು.